ಬಾಲಿಯಲ್ಲಿ ನಾನು ಎಣಿಸಿದ ನೋಟು



ಹೋದ ಸಂಚಿಕೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳ ನಡುವೆ ಒಂದು ಕಾಗದ ಬೇರೆಯೇ ಜಾತಿಯದು. ಕಡೂರಿನ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಮಗ ಸೊಸೆ ಸೇರಿ ಅವರನ್ನೂ ಅವರ ಯಜಮಾನರನ್ನೂ ಬಾಲಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರಂತೆ. “ಅಲ್ಲಿ ದುಡ್ಡು ಎಲ್ಲಿ ಬದಲಾಯಿಸಬೇಕು? ಮಗನನ್ನು ಕೇಳಿದರೆ, ‘ಅಮ್ಮಾ, ಅದೆಲ್ಲ ನಾನು ನೋಡ್ಕೋತೀನಿ, ನೀನು ಸುಮ್ಮನೆ ಬಾ’ ಅಂತಾನೆ. ಆದರೆ ನನ್ನದೂ ಅಂತ ಸ್ವಲ್ಪ ದುಡ್ಡಿದೆ. ಅದನ್ನು ನನ್ನ ಕೈಯಾರೆ ಖರ್ಚು ಮಾಡಬೇಕು ಅಂತ ಆಸೆ. ನೀವು ಹೋಗಿ ಬಂದಿದ್ದೀರಂತೆ, ಹೇಳಿ” ಎಂದು ಕೇಳಿದ್ದಾರೆ.

ಅಡಿಗೆಯ ಪುಟದವಳಿಗೆ ಈ ಪ್ರಶ್ನೆ ಯಾಕೆ ಬಂತು ಎಂದು ನೀವು ಕೇಳಬಹುದು. ಎರಡು ದಿನ ನಾನೂ ಹಾಗೇ ಅಂದುಕೊಂಡೆ. ಆದರೆ “ನನ್ನದೂ ಅಂತ ಸ್ವಲ್ಪ ದುಡ್ಡಿದೆ” ಎಂಬ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ಬಾಲಿಯಲ್ಲಿ ನಾನು ಕಳೆದದ್ದೂ ಅಂಥದೇ ದುಡ್ಡು. ಹೋಗಿ ಬಂದ ಮೇಲೆ ದೇವಸ್ಥಾನ, ಗದ್ದೆ, ಸಮುದ್ರ ಎಲ್ಲ ಊರಿಗೆಲ್ಲಾ ವರ್ಣಿಸಿದ್ದೇನೆ. ಇದನ್ನು ಮಾತ್ರ ಹೇಳಿರಲಿಲ್ಲ.

ನಾವು ಹೋದದ್ದು 2024ರ ಮೇ ತಿಂಗಳಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಟಿಕೀಟು ತೆಗೆಸಿದಳು. ಹೋದವರು ಐದು ಜನ: ನಾನು, ನಮ್ಮವರು, ಮಗಳು, ಮೈದುನ, ವಾರಗಿತ್ತಿ. ತಿಪಟೂರು ಬಿಟ್ಟು ಧರ್ಮಸ್ಥಳ, ತಿರುಪತಿ ಆಚೆಗೆ ಹೆಚ್ಚಾಗಿ ಹೋಗದವರು ನಾವು. ನಾನು ಹನ್ನೆರಡು ತಿಂಗಳು ಚೀಟಿ ಕಟ್ಟಿ, ಹಪ್ಪಳ ಸಂಡಿಗೆ ಮಾರಿದ್ದನ್ನೂ ಸೇರಿಸಿ ಹದಿನೇಳು ಸಾವಿರ ಮಾಡಿಕೊಂಡಿದ್ದೆ. ಬೆಂಗಳೂರಿನಲ್ಲಿ ಅದು ಇನ್ನೂರು ಡಾಲರ್ ಆಯಿತು. ನೂರರ ಎರಡೇ ಎರಡು ನೋಟು! ಅಷ್ಟು ದಿನದ ದುಡಿಮೆ ಹಾಳೆಯಷ್ಟು ತೆಳ್ಳಗಾಗಿಬಿಟ್ಟಿತಲ್ಲ ಎಂದು ನೋಡುತ್ತಾ ಕೂತೆ.

ಮೊದಲು ಇಲ್ಲಿಂದ ಹೊರಡುವಾಗಿನ ಮಾತು ಮುಗಿಸಿಬಿಡುತ್ತೇನೆ. ಡಾಲರನ್ನು ಬ್ಯಾಂಕಿನಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ವಿನಿಮಯದ ಅಂಗಡಿಯಲ್ಲೇ ಕೊಳ್ಳಿ. ಪರಿಚಯದವರ ಪರಿಚಯದವರು ಕಡಿಮೆಗೆ ಕೊಡಿಸುತ್ತಾರೆ ಎಂದರೆ ಬೇಡವೇ ಬೇಡ. ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ಟಿಕೀಟು ಕೇಳುತ್ತಾರೆ. ಐವತ್ತು ಸಾವಿರ ರೂಪಾಯಿ ಆಗುವವರೆಗೆ ಮಾತ್ರ ನಗದು ಕೊಡಬಹುದು, ಆಮೇಲೆ ಚೆಕ್ಕೋ ಕಾರ್ಡೋ ಬೇಕು. ಒಬ್ಬೊಬ್ಬರು ಒಂದು ಪ್ರಯಾಣಕ್ಕೆ ಮೂರು ಸಾವಿರ ಡಾಲರ್‌ವರೆಗೆ ನೋಟಿನಲ್ಲಿ ಒಯ್ಯಬಹುದು. ನಮ್ಮಂಥವರಿಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು! ಉಳಿದದ್ದನ್ನು ವಿದೇಶದ ಕಾರ್ಡಿಗೆ ತುಂಬಿಸಿಕೊಳ್ಳುವುದು. ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಕೊಂಡರಾಯಿತು ಎಂದು ಬಿಡಬೇಡಿ, ಅಲ್ಲಿ ದರ ಹೆಚ್ಚು. ಇನ್ನೊಂದು ಮಾತು. ನೂರರ ಹೊಸ ನೋಟನ್ನೇ ಕೇಳಿ ಪಡೆಯಿರಿ. ಬಾಲಿಯಲ್ಲಿ ಮಡಿಕೆ ಬಿದ್ದ, ಗೀಟು ಇರುವ, ಹಳೆಯ ಡಾಲರನ್ನು ತಿರುಗಿಸಿ ಮುರುಗಿಸಿ ನೋಡಿ ಬೇಡ ಅನ್ನುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. ಹತ್ತು ಇಪ್ಪತ್ತರ ಚಿಕ್ಕ ನೋಟಿಗೂ ದರ ಕಡಿಮೆ. ನಾನು ನನ್ನ ಎರಡು ನೋಟನ್ನು ಮಗಳ ಹಳೆಯ ನೋಟ್‌ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟ ಹಾಗೆ ಇಟ್ಟುಕೊಂಡು ಹೋದೆ.

ಅಲ್ಲಿಯ ದುಡ್ಡಿನ ಹೆಸರು ರುಪಿಯಾ. ಕೇಳಲು ನಮ್ಮ ರೂಪಾಯಿಯ ತಂಗಿಯ ಹಾಗೇ ಇದೆ, ಬೆಲೆ ನೋಡಿದರೆ ತಲೆ ತಿರುಗುತ್ತದೆ. ನಾವು ಹೋದಾಗ ಒಂದು ಡಾಲರಿಗೆ ಹದಿನಾರು ಸಾವಿರ ರುಪಿಯಾ. ಒಂದು ಎಳನೀರಿಗೆ ಸಾವಿರ ಸಾವಿರ ಹೇಳುತ್ತಾರೆ. ತಿಪಟೂರಿನವಳಿಗೆ ಎಳನೀರಿನ ಬೆಲೆ ಹೇಳಿ ಹೆದರಿಸಿದರು ನೋಡಿ! ನಾನು ಅಡಿಗೆಮನೆಯ ಒಂದು ಲೆಕ್ಕ ಮಾಡಿಕೊಂಡೆ. ಮೂರು ಸೊನ್ನೆ ತೆಗೆದುಹಾಕಿ, ಉಳಿದದ್ದನ್ನು ಐದರಿಂದ ಗುಣಿಸಿದರೆ ಹೆಚ್ಚುಕಡಿಮೆ ನಮ್ಮ ರೂಪಾಯಿ ಬರುತ್ತದೆ. ಲಕ್ಷ ರುಪಿಯಾ ಅಂದರೆ ಐನೂರು ಚಿಲ್ಲರೆ. ನೀವು ಹೋಗುವ ಹೊತ್ತಿಗೆ ದರ ಹೇಗಿರುತ್ತದೋ, ಹೊರಡುವ ಮುಂಚೆ ಮಕ್ಕಳ ಫೋನಿನಲ್ಲಿ ನೋಡಿಸಿ ನಿಮ್ಮದೇ ಲೆಕ್ಕ ಮಾಡಿಕೊಳ್ಳಿ. ಇನ್ನೊಂದು ವಿಚಿತ್ರವೆಂದರೆ, ನಾವು ಸಾವಿರಕ್ಕೆ ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕೆ ಇಡುತ್ತಾರೆ. ಅಂಗಡಿಯ ಹಲಗೆಯ ಮೇಲೆ 16.050 ಎಂದಿದ್ದರೆ ಅದು ಹದಿನಾರೂವರೆ ಗಿದಿನಾರೂವರೆ ಅಲ್ಲ, ಹದಿನಾರು ಸಾವಿರದ ಐವತ್ತು. ನಮ್ಮವರು ಮೊದಲ ದಿನ ಅದನ್ನು ನೋಡಿ, “ಇಲ್ಲಿ ಡಾಲರಿಗೆ ಹದಿನಾರೇ ಕೊಡೋದು, ವಾಪಸ್ ಹೋಗೋಣ ನಡಿ” ಅಂದರು.

ಅಂದ ಹಾಗೆ, ಅವರ ಹಿಂದಿನ ಕಾಲದ ಇಪ್ಪತ್ತು ಸಾವಿರದ ನೋಟೊಂದರ ಮೇಲೆ ನಮ್ಮ ಗಣಪತಿಯ ಚಿತ್ರವಿತ್ತು. 1998ರಲ್ಲಿ ಹೊರಟದ್ದು, 2008ರ ಕೊನೆಗೆ ಹಿಂದಕ್ಕೆ ತೆಗೆದುಕೊಂಡರು. ಅದನ್ನು ತರಬೇಕೆಂದು ನಮ್ಮ ಅತ್ತೆಯವರು ಹೇಳಿ ಕಳಿಸಿದ್ದರು. ಈಗ ಚಲಾವಣೆಯಲ್ಲಿಲ್ಲ, ಯಾರಾದರೂ ಕೊಡಲು ಬಂದರೆ ಖರ್ಚಿಗೆಂದು ತೆಗೆದುಕೊಳ್ಳಬೇಡಿ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ.

ನಾವಿದ್ದದ್ದು ಕೂಟಾ ಎಂಬಲ್ಲಿ, ಸಮುದ್ರದ ಹತ್ತಿರ. ಬೀದಿ ತುಂಬ ದುಡ್ಡು ಬದಲಾಯಿಸುವ ಅಂಗಡಿಗಳು. ಮಗಳು ಬಂದ ದಿನವೇ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಟ್ಯಾಕ್ಸಿಗೆ, ಊಟಕ್ಕೆ ಆಗುವಷ್ಟು ಮಾತ್ರ ಬದಲಾಯಿಸಿಕೊಂಡಿದ್ದಳು. ಅದು ಸರಿಯಾದ ಕೆಲಸ. ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದರು. ನಾನೊಬ್ಬಳೇ ಚೀಲ ಹಿಡಿದು ಹೊರಟೆ. ನಲವತ್ತು ದಾಟಿದ ಮೇಲೆ ಪರದೇಶದ ಬೀದಿಯಲ್ಲಿ ಒಬ್ಬಳೇ ನಡೆಯುವುದಿದೆಯಲ್ಲ, ಅದರ ಸುಖ ಬೇರೆ. ದೊಡ್ಡ ರಸ್ತೆಯ ಅಂಗಡಿಗಳಲ್ಲೆಲ್ಲ ಹದಿನಾರು ಸಾವಿರದ ಐವತ್ತು ಎಂದೇ ಇತ್ತು. ಒಂದು ಓಣಿಯ ಬಾಯಲ್ಲಿ ಮಾತ್ರ ಹಲಗೆಯ ಮೇಲೆ ಹದಿನಾರು ಸಾವಿರದ ಆರುನೂರು! ಕಮಿಷನ್ ಇಲ್ಲ ಅಂತಲೂ ಬರೆದಿತ್ತು. ಸಂತೆಯಲ್ಲಿ ಐದು ರೂಪಾಯಿಗೆ ಮೂರು ಸುತ್ತು ಹೊಡೆಯುವ ಜೀವ ನನ್ನದು. ಬಿಡುತ್ತೇನೆಯೇ?

ಅದು ಬಟ್ಟೆ, ಮರದ ಗೊಂಬೆ ಮಾರುವ ಅಂಗಡಿ. ಹಿಂದುಗಡೆ ಒಂದು ಮೇಜು, ಇಬ್ಬರು ಹುಡುಗರು. ಬಾಗಿಲಲ್ಲಿ ಎಲೆಯ ಪುಟ್ಟ ಬಟ್ಟಲಲ್ಲಿ ಹೂವು, ಊದುಬತ್ತಿ. ಬಾಲಿಯಲ್ಲಿ ಪ್ರತಿ ಮನೆ, ಪ್ರತಿ ಅಂಗಡಿಯ ಮುಂದೆ ದಿನಾ ಹಾಗೆ ದೇವರಿಗೆ ಇಡುತ್ತಾರೆ. ನೋಡಿದರೆ ನಮ್ಮ ಹೊಸ್ತಿಲ ಪೂಜೆಯೇ ನೆನಪಾಗುತ್ತದೆ. ದೇವರಿಗೆ ಹೂವಿಟ್ಟವನು ಮೋಸ ಮಾಡುತ್ತಾನೆಯೇ ಅಂದುಕೊಂಡು ಒಳಗೆ ಹೋದೆ.

ಹುಡುಗ ಲೆಕ್ಕದ ಯಂತ್ರ ಒತ್ತಿ ತೋರಿಸಿದ. ಇನ್ನೂರು ಡಾಲರಿಗೆ ಮೂವತ್ತಮೂರು ಲಕ್ಷದ ಇಪ್ಪತ್ತು ಸಾವಿರ. ಸರಿಯಾಗಿದೆ. ಲಕ್ಷದ ಕೆಂಪು ನೋಟು ಇಲ್ಲ ಅಂತ ಐವತ್ತು ಸಾವಿರದ ನೀಲಿ ನೋಟುಗಳನ್ನೇ ತೆಗೆದ. ಅರವತ್ತಾರು ನೋಟು, ಮೇಲೊಂದು ಇಪ್ಪತ್ತು ಸಾವಿರದ್ದು. ಇಪ್ಪತ್ತು ಇಪ್ಪತ್ತು ನೋಟಿನ ಗುಡ್ಡೆ ಮಾಡಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಎಣಿಸಿ ಅಂದ. ನಾನು ಎಣಿಸಿದೆ. ನಮ್ಮಮ್ಮ ಅಕ್ಕಿ ಅಳೆಯುವಾಗ ಒಂದು ಅನ್ನದೆ “ಲಾಭ” ಅನ್ನುತ್ತಿದ್ದಳು. ಅದೇ ರೂಢಿಯಲ್ಲಿ ಲಾಭ, ಎರಡು, ಮೂರು ಅಂತ ಬಾಯಲ್ಲೇ ಎಣಿಸಿದೆ. ಅರವತ್ತಾರೂ ಸರಿ. ಆಗ ಆ ಹುಡುಗ, “ಒಂದು ನಿಮಿಷ ಮೇಡಂ, ನಾನೂ ಒಂದು ಸಲ ನೋಡುತ್ತೇನೆ” ಅಂತ ಗುಡ್ಡೆಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ. ಇಸ್ಪೀಟು ಕಲಸಿದ ಹಾಗೆ ಪರಪರ ಎಣಿಸಿದ, ಮೇಜಿಗೆ ತಟ್ಟಿ ಅಂಚು ಸರಿಮಾಡಿದ. ಅದೇ ಹೊತ್ತಿಗೆ ಇನ್ನೊಬ್ಬ, “ಇಂಡಿಯಾ? ಶಾರುಖ್ ಖಾನ್?” ಅಂತ ನಗುತ್ತಾ ಮಾತಿಗೆ ಎಳೆದ. ನಾನೂ ನಕ್ಕೆ. ದುಡ್ಡು ಕೈಗೆ ಬಂತು, ಚೀಲಕ್ಕೆ ಹಾಕಿಕೊಂಡೆ, ಬಂದೆ. ರಸೀತಿ ಕೇಳಲಿಲ್ಲ.

ಕೋಣೆಗೆ ಬಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿ ಮತ್ತೆ ಎಣಿಸಿದೆ. ಐವತ್ತನಾಲ್ಕು. ಮತ್ತೆ ಎಣಿಸಿದೆ. ಐವತ್ತನಾಲ್ಕೇ. ಹನ್ನೆರಡು ನೋಟು, ಅಂದರೆ ಆರು ಲಕ್ಷ ರುಪಿಯಾ, ಆ ಹುಡುಗ ಮೇಜಿನಾಚೆ ಬೀಳಿಸಿಕೊಂಡಿದ್ದ. ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಮೇಲೆ. ಅವನ ಹೆಚ್ಚಿನ ದರದಿಂದ ನನಗೆ ಸಿಗಬೇಕಿದ್ದ ಲಾಭವೆಷ್ಟು ಗೊತ್ತೇ? ಒಂದು ಲಕ್ಷ ಹತ್ತು ಸಾವಿರ, ಐನೂರ ಎಪ್ಪತ್ತು ರೂಪಾಯಿ. ಅಷ್ಟಕ್ಕೆ ಆಸೆಪಟ್ಟು ಮೂರು ಸಾವಿರ ಬಿಟ್ಟು ಬಂದಿದ್ದೆ.

ಎಷ್ಟು ಕೆಜಿ ಹಪ್ಪಳ ಅಂತ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಆದರೆ ಸೋದರಿಯರೇ, ದುಡ್ಡಿಗಿಂತ ನನ್ನನ್ನು ಚುಚ್ಚಿದ್ದು ಬೇರೆ. ಇಷ್ಟು ವರ್ಷ ನಮ್ಮವರು “ನಿನಗೇನು ಗೊತ್ತಾಗುತ್ತೆ” ಅಂದಾಗಲೆಲ್ಲ, ಮನೆಯ ಲೆಕ್ಕವೆಲ್ಲ ನನ್ನ ಬೆರಳ ತುದಿಯಲ್ಲಿದೆ ಎಂದು ಜಂಬದಿಂದ ಹೇಳಿದವಳು ನಾನು. ಈಗ ಬಾಯಿಬಿಟ್ಟರೆ ಆ ಮಾತು ಇನ್ನಿಪ್ಪತ್ತು ವರ್ಷ ಕೇಳಬೇಕಾಗುತ್ತದೆ. ಮುಖ ತೊಳೆದುಕೊಂಡು ಹೊರಗೆ ಬಂದೆ. ವಾರಗಿತ್ತಿ ಎದ್ದಿದ್ದಳು. “ಅಕ್ಕಾ, ದುಡ್ಡು ಬದಲಾಯಿಸಿಕೊಂಡು ಬಂದ್ರಾ? ಎಷ್ಟು ಕೊಟ್ರು?” ಅಂದಳು. ನಾನು, “ಹದಿನಾರು ಸಾವಿರದ ಆರುನೂರು” ಅಂದೆ. ಅದು ಸುಳ್ಳಲ್ಲ. ಅಷ್ಟೇ ಹೇಳಿದ್ದು ನನ್ನ ತಪ್ಪು.

ಸಾಯಂಕಾಲ ನಾವು ಚಹಾ ಕುಡಿಯುತ್ತಿದ್ದಾಗ ಅವಳು ನಾನು ಹೇಳಿದ ಗುರುತು ಹಿಡಿದು ಅದೇ ಓಣಿಗೆ ಹೋಗಿಬಂದಳು. ನೂರು ಡಾಲರ್ ಒಯ್ದಿದ್ದಳು. ತವರಿನಿಂದ ಅವಳ ಅಣ್ಣ ಕೊಟ್ಟದ್ದು. ಅವಳಿಗೂ ಅದೇ ನೀಲಿ ನೋಟು, ಅದೇ ಗುಡ್ಡೆ, ಅದೇ ನಗು. ಮೂವತ್ತಮೂರು ನೋಟು ಇರಬೇಕಾದಲ್ಲಿ ಇಪ್ಪತ್ತೈದು. ನಾನು ಮಾಡಿದ ಹಾಗೆ ಅವಳು ಬಚ್ಚಲಿಗೆ ಹೋಗಲಿಲ್ಲ. ಮಂಚದ ಮೇಲೆ ಎಲ್ಲರ ಮುಂದೆ ಎಣಿಸಿ, “ಅಕ್ಕಾ, ನಾಲ್ಕು ಲಕ್ಷ ಕಡಿಮೆ ಇದೆ. ನಿಮಗೆ ಸರಿಯಾಗಿತ್ತಾ?” ಅಂತ ನನ್ನ ಮುಖವನ್ನೇ ನೋಡಿದಳು.

ಏನು ಹೇಳಲಿ? ಹೇಳಿದೆ. ಎಲ್ಲ ಹೇಳಿದೆ.

ನಮ್ಮವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳು, “ಅಮ್ಮಾ, ಮಧ್ಯಾಹ್ನವೇ ಹೇಳಿದ್ದರೆ ಚಿಕ್ಕಮ್ಮನ ದುಡ್ಡು ಉಳೀತಿತ್ತು” ಅಂದಳು. ವಾರಗಿತ್ತಿ ಮಾತ್ರ ಏನೂ ಅನ್ನಲಿಲ್ಲ, ನೋಟುಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ಕೂತಳು. ಆ ರಾತ್ರಿ ಊಟಕ್ಕೆ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತೆವು.

ಎಲ್ಲರೂ ಸೇರಿ ಆ ಅಂಗಡಿಗೆ ಹೋದೆವು ಅನ್ನಿ. ಹುಡುಗರು ಇರಲಿಲ್ಲ. ಬಟ್ಟೆ ಮಾರುತ್ತಿದ್ದ ಹೆಂಗಸು ರಸೀತಿ ತೋರಿಸಿ ಅಂದಳು. ನಮ್ಮ ಹತ್ತಿರ ಎಲ್ಲಿತ್ತು! ಅಂಗಡಿ ಬಿಟ್ಟು ಹೊರಗೆ ಕಾಲಿಟ್ಟ ಮೇಲೆ ನೋಟಿಗೆ ಸಾಕ್ಷಿ ಇರುವುದಿಲ್ಲ.

ಮಾರನೆಯ ದಿನ ನಾವಿದ್ದ ಹೋಟೆಲಿನ ಮುದುಕರೊಬ್ಬರು ನಮ್ಮ ಮುಖ ನೋಡಿ ಕೇಳಿ ತಿಳಿದುಕೊಂಡು ಒಂದೊಂದೇ ವಿವರಿಸಿದರು. ಊರೆಲ್ಲ ಆ ಹುಡುಗರ ಹಾಗಿಲ್ಲ, ನೋಡಿ. ಅದೇ ಊರಲ್ಲಿ ಟ್ಯಾಕ್ಸಿಯವನೊಬ್ಬ ನಾನು ಮರೆತ ಕೊಡೆಯನ್ನು ಸಂಜೆ ಬಂದು ಕೊಟ್ಟು ಹೋಗಿದ್ದ. ಮುದುಕರು ಹೇಳಿದ್ದೇನೆಂದರೆ, ಅಲ್ಲಿ ದುಡ್ಡು ಬದಲಾಯಿಸುವ ಅಂಗಡಿಗೆ ಬ್ಯಾಂಕ್ ಇಂಡೋನೇಷ್ಯಾದ ಪರವಾನಗಿ ಬೇಕು. ಬ್ಯಾಂಕ್ ಇಂಡೋನೇಷ್ಯಾ ಅಂದರೆ ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ಪರವಾನಗಿ ಇದ್ದವರು ಆ ಬ್ಯಾಂಕಿನ ಗುರುತಿರುವ ಫಲಕ, ಪ್ರಮಾಣಪತ್ರ ಎದುರಿಗೇ ಹಾಕಿರುತ್ತಾರೆ. ಬರೀ “ಅಧಿಕೃತ” ಅಂತ ಬಣ್ಣದಲ್ಲಿ ಬರೆಸಿಕೊಳ್ಳುವುದು ಯಾರು ಬೇಕಾದರೂ ಮಾಡಬಹುದು, ಆ ಓಣಿಯವನೂ ಬರೆಸಿದ್ದ. ಒಳ್ಳೆಯ ಅಂಗಡಿ ನೋಡಲು ಸಣ್ಣ ಬ್ಯಾಂಕಿನ ಹಾಗೇ ಇರುತ್ತದೆ. ಗಾಜಿನ ಕೌಂಟರು, ನೋಟು ಎಣಿಸುವ ಯಂತ್ರ, ಮೇಲೆ ಕ್ಯಾಮರಾ, ಅಚ್ಚಾದ ರಸೀತಿ. ಬಟ್ಟೆಯಂಗಡಿಯ ಹಿಂದೆ, ಹಚ್ಚೆ ಹಾಕುವ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದರೆ ದರ ಓದದೆ ಮುಂದೆ ನಡೆಯಿರಿ. ಎಲ್ಲರಿಗಿಂತ ಹೆಚ್ಚು ದರ ಕೊಡುತ್ತೇನೆ ಎಂದು ಬೋರ್ಡು ಹಾಕಿದ್ದರೆ ಅವನು ಅದನ್ನು ಬೇರೆ ದಾರಿಯಲ್ಲಿ ವಸೂಲು ಮಾಡಲೇಬೇಕಲ್ಲ. ಅಕ್ಕಿ ಕಡಿಮೆಗೆ ಕೊಡುವವನ ತಕ್ಕಡಿ ನೋಡು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅವರ ಜೊತೆಗಿದ್ದಷ್ಟು ವರ್ಷ ಕೇಳಿದ್ದೇನೆ, ಬೇಕಾದ ದಿನ ನೆನಪಾಗಲಿಲ್ಲ.

ಲಕ್ಷದ ನೋಟೇ ಬೇಕು ಎಂದು ಕೇಳಿ. ನೋಟು ಕಡಿಮೆಯಾದಷ್ಟೂ ಎಣಿಕೆ ಸುಲಭ. ಚಿಕ್ಕ ನೋಟೇ ಇರುವುದು ಅಂದರೆ ನಿಮ್ಮ ಡಾಲರನ್ನು ಕೊಡುವ ಮುಂಚೆಯೇ ಎದ್ದು ಬನ್ನಿ. ಲೆಕ್ಕವನ್ನು ನಿಮ್ಮ ಫೋನಿನಲ್ಲಿ ನೀವೇ ಮಾಡಿ. ಅವರ ಯಂತ್ರ ತಪ್ಪು ತೋರಿಸುವ ಹಾಗೆ ಮಾಡಿಟ್ಟಿರುವುದೂ ಉಂಟಂತೆ. ಹತ್ತು ಸಾವಿರಕ್ಕೂ ಲಕ್ಷಕ್ಕೂ, ಎರಡು ಸಾವಿರಕ್ಕೂ ಇಪ್ಪತ್ತು ಸಾವಿರಕ್ಕೂ ಒಂದೇ ಸೊನ್ನೆಯ ಅಂತರ, ಆದ್ದರಿಂದ ನೋಟಿನ ಸಂಖ್ಯೆ ಎಣಿಸಿದರೆ ಸಾಲದು, ಒಂದೊಂದರ ಮೇಲಿನ ಅಂಕಿಯನ್ನೂ ನೋಡಬೇಕು. ಅವರು ಎಣಿಸುವುದು ಮೊದಲು, ನೀವು ಎಣಿಸುವುದು ಕೊನೆಗೆ. ನೀವು ಎಣಿಸಿದ ಮೇಲೆ ಅವರು ಮತ್ತೆ ಕೈಹಾಕಿದರೋ, ನೀವೂ ಮತ್ತೆ ಮೊದಲಿನಿಂದ ಎಣಿಸಬೇಕು, ನಾಚಿಕೆಪಡಬಾರದು. ಹಿಂದೆ ಹತ್ತು ಜನ ನಿಂತಿದ್ದರೂ ನಿಲ್ಲಲಿ. ನಮ್ಮೂರಲ್ಲಿ ತೆಂಗಿನಕಾಯಿ ಎಣಿಸುವವರನ್ನು ಮಾತಾಡಿಸಿದರೆ ಬೈಯುತ್ತಾರೆ, ನೆನಪಿದೆಯೇ? ನೀವೂ ಹಾಗೇ ಮುಖ ಗಂಟು ಹಾಕಿಕೊಳ್ಳಿ.

ಕಾರ್ಡಿನ ಮಾತೂ ಇದೆ, ಚಿಕ್ಕದಾಗಿ ಹೇಳುತ್ತೇನೆ. ಎಟಿಎಂ ಬೇಕಾದರೆ ಬ್ಯಾಂಕಿನ ಕಟ್ಟಡದೊಳಗಿನದನ್ನೇ ಹಗಲು ಹೊತ್ತಿನಲ್ಲಿ ಉಪಯೋಗಿಸಿ, ಗುಪ್ತಸಂಖ್ಯೆ ಒತ್ತುವಾಗ ಇನ್ನೊಂದು ಕೈ ಅಡ್ಡ ಇರಲಿ. ಅಲ್ಲಿಯ ಕೆಲವು ಯಂತ್ರದಲ್ಲಿ ಮೊದಲು ದುಡ್ಡು, ಆಮೇಲೆ ಕಾರ್ಡು ಬರುತ್ತದೆ. ದುಡ್ಡು ಸಿಕ್ಕ ಸಂತೋಷದಲ್ಲಿ ಕಾರ್ಡು ಬಿಟ್ಟು ಬರುವವರು ಬಹಳ. ಯಂತ್ರವಾಗಲಿ ಅಂಗಡಿಯವರಾಗಲಿ “ರೂಪಾಯಿಯಲ್ಲಿ ಹಾಕಲೇ, ರುಪಿಯಾದಲ್ಲಿ ಹಾಕಲೇ” ಎಂದು ಕೇಳಿದರೆ ರುಪಿಯಾ ಎಂದೇ ಹೇಳಿ. ರೂಪಾಯಿ ಅಂದರೆ ಅರ್ಥವಾಗುವ ಸುಖಕ್ಕೆ ದರದಲ್ಲಿ ಹೆಚ್ಚು ಹಿಡಿಯುತ್ತಾರೆ. ಉಳಿದ ರುಪಿಯಾವನ್ನು ಅಲ್ಲಿಯೇ ಖರ್ಚು ಮಾಡಿಯೋ ಬದಲಾಯಿಸಿಯೋ ಬನ್ನಿ, ಊರಿಗೆ ತಂದರೆ ಕೇಳುವವರು ಕಡಿಮೆ. ಉಳಿದ ಡಾಲರನ್ನು ಎರಡು ಸಾವಿರದವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಬಂದ ನೂರ ಎಂಬತ್ತು ದಿನದೊಳಗೆ ಬ್ಯಾಂಕಿಗೆ ಕೊಡಬೇಕು.

ಕಡೂರಿನ ಸೋದರಿ, ನಿಮ್ಮ ದುಡ್ಡನ್ನು ನೀವೇ ಒಯ್ಯಿರಿ, ನೀವೇ ಬದಲಾಯಿಸಿ. ಮಗನ ಕೈಗೆ ಕೊಡಬೇಡಿ. ಬದಲಾಯಿಸುವಾಗ ಮಾತ್ರ ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ಒಬ್ಬರು ಎಣಿಸುವುದು, ಇನ್ನೊಬ್ಬರು ಅವರ ಕೈ ನೋಡುವುದು. ಒಂದು ವೇಳೆ ಕಡಿಮೆ ಬಂದರೆ ಆ ಕ್ಷಣದಲ್ಲೇ, ಮೇಜಿನ ಮುಂದೆಯೇ, ಗಟ್ಟಿಯಾಗಿ ಹೇಳಿ ಡಾಲರನ್ನು ವಾಪಸು ಕೇಳಿ. ಹೊರಗೆ ಬಂದ ಮೇಲೆ ಗೊತ್ತಾದರೆ, ಮೊದಲು ಜೊತೆಯವರಿಗೆ ಹೇಳಿ.

ನಾಲ್ಕನೆಯ ದಿನ ನಾನೂ ವಾರಗಿತ್ತಿಯೂ ಹೋಟೆಲಿನ ಮುದುಕರು ತೋರಿಸಿದ ದೊಡ್ಡ ರಸ್ತೆಯ ಅಂಗಡಿಗೆ ಹೋದೆವು. ನಮ್ಮವರು ತಮ್ಮ ನೂರು ಡಾಲರನ್ನು ಏನೂ ಹೇಳದೆ ನನ್ನ ಕೈಗೆ ಕೊಟ್ಟು ಕಳಿಸಿದ್ದರು. ಹದಿನಾರು ಕೆಂಪು ನೋಟು, ಮೇಲೆ ಚಿಲ್ಲರೆ. ಕೌಂಟರಿನ ಹುಡುಗಿ ಯಂತ್ರದಲ್ಲಿ ಎಣಿಸಿ ನಮ್ಮ ಕಡೆ ತಳ್ಳಿದಳು. ನಾನು ಎಣಿಸಿದೆ. ಮುಗಿಯುವಷ್ಟರಲ್ಲಿ ವಾರಗಿತ್ತಿ ಬಳೆಯ ಕೈಯನ್ನು ಆ ನೋಟಿನ ಮೇಲೆ ಒತ್ತಿ ಇಟ್ಟುಬಿಟ್ಟಳು. “ಇನ್ನೊಂದು ಸಲ ನಾನು ಎಣಿಸ್ತೀನಿ, ಅಕ್ಕಾ” ಅಂದಳು. ಎಣಿಸಲಿ ಅಂತ ಸುಮ್ಮನೆ ನಿಂತೆ. ನಂಬಿಕೆ ಹೋದದ್ದು ಆ ಓಣಿಯ ಹುಡುಗರ ಮೇಲೋ, ನನ್ನ ಮೇಲೋ, ಕೇಳಲು ಧೈರ್ಯ ಬರಲಿಲ್ಲ. ಊರಿಗೆ ಬಂದು ಹಬ್ಬದ ಹೊತ್ತಿಗೆ ಅವಳ ನಾಲ್ಕು ಲಕ್ಷಕ್ಕೆ ಎರಡು ಸಾವಿರದ ನೂರು ರೂಪಾಯಿ ಲೆಕ್ಕ ಹಾಕಿ, ಬಾಗಿನದ ಜೊತೆ ಇಟ್ಟು ಕೊಟ್ಟೆ. ಬೇಡ ಅಂದಳು. ಆಮೇಲೆ ತೆಗೆದುಕೊಂಡಳು. ಎಣಿಸಿಯೇ ತೆಗೆದುಕೊಂಡಳು.

ಮುಂದಿನ ಸಂಚಿಕೆಗೆ ಹಲಸಿನಕಾಯಿ ಹಪ್ಪಳ. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು, ಈಗಲೇ ಹೇಳಿಟ್ಟಿರಿ.